ಬೀರಣ್ಣನ ವಜಾಬಾಕಿ

“ಈ ಬೀರಣ್ಣನ ತಲಿಯೊಳಗಿಂದ ಎಷ್ಟ ಕಳದ್ರೂ ಕಮ್ಮಿ ಆಗೂದಿಲ್ಲ ನೋಡ್ರಿ. ಯಾಕಂದ್ರ ಅಲ್ಲಿ ಮೊದಲ ಏನೂ ಇಲ್ಲ!”

ರೈತರ ಸಹಕಾರಿ ಸಂಘದ ಕಾರ್ಯದರ್ಶಿ ಶ್ರೀಶೈಲ ಈ ಮಾತು ಹೇಳಿದಾಗ ಗೋದಾಮಿನ ಅಂಗಳದಲ್ಲಿ ಕಡಿಮೆಯೆಂದರೂ ಮೂವತ್ತು ಜನ ಇದ್ದರು. ತೊಗರಿ ತಂದ ರೈತರು, ಚೀಲ ಹೊರುವ ಹಮಾಲರು, ಏನೂ ಕೆಲಸವಿಲ್ಲದೆ ಬರೀ ನೆರಳಿಗೆ ಬಂದು ಕೂತವರು. ಮೂವತ್ತೂ ಜನ ನಕ್ಕರು. ಮಾತು ತಿಳಿದವರು ಮೊದಲು ನಕ್ಕರು, ತಿಳಿಯದವರು ಅವರ ಮುಖ ನೋಡಿಕೊಂಡು ಆಮೇಲೆ ನಕ್ಕರು. ಬೀರಣ್ಣ ಮಾತ್ರ ಕಾಂಟಾದ ಪಕ್ಕ, ತೂಕಕ್ಕೆ ಇಟ್ಟು ಮರೆತುಹೋದ ಚೀಲದ ಹಾಗೆ ನಿಂತಿದ್ದ.

ಆದದ್ದು ಇಷ್ಟು. ಸಿಂದಗಿಯಿಂದ ಹದಿನಾಲ್ಕು ಕಿಲೋಮೀಟರ್ ಆಚೆಯ ಆ ಊರಿನ ಸಂಘಕ್ಕೆ ಹೊಸ ಕರೆಂಟಿನ ಕಾಂಟಾ ಬಂದಿತ್ತು. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು, ತೂಕ ನೋಡಿ ಬರೆಯುವವನೊಬ್ಬ ಬೇಕಾಗಿತ್ತು. ಐದು ಜನ ಅರ್ಜಿ ಹಾಕಿದರು. ಇಪ್ಪತ್ತು ಪ್ರಶ್ನೆಯ ಪರೀಕ್ಷೆ ಆಯಿತು. ಅಧ್ಯಕ್ಷ ಬಸಂತರಾಯರ ಅಳಿಯ ಸಿದ್ದಲಿಂಗನಿಗೆ ಹದಿನೇಳು ಅಂಕ. ಹಮಾಲ ಬೀರಣ್ಣನಿಗೆ ಹದಿನಾರು. ಉಳಿದ ಮೂವರ ಅಂಕ ಹೇಳಿ ಅವರ ಮಾನ ತೆಗೆಯುವುದು ಬೇಡ.

ಬೀರಣ್ಣನಿಗೆ ಈ ಕೆಲಸ ಯಾಕೆ ಬೇಕಾಗಿತ್ತು ಎನ್ನುವವರು ಅವನ ಸೊಂಟವನ್ನು ಕೇಳಬೇಕು. ಹದಿಮೂರು ವರ್ಷ ಚೀಲ ಹೊತ್ತ ಆ ಸೊಂಟ, ಎಣ್ಣೆ ಕಾಣದ ಗಾಡಿಯ ಅಚ್ಚಿನ ಹಾಗೆ, ಎದ್ದರೂ ಕೂತರೂ ಕಿರ್ರೆನ್ನುತ್ತಿತ್ತು. ವಿಜಯಪುರದ ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, “ಇನ್ನ ಚೀಲಕ್ಕ ಹೆಗಲ ಕೊಟ್ಟಿ ಅಂದ್ರ, ಮುಂದ ನಿನಗ ನಾಕ ಮಂದಿ ಹೆಗಲ ಕೊಡಬೇಕಾಗ್ತೈತಿ” ಎಂದಿದ್ದರು. ಬೀರಣ್ಣನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕೂತು ಮಾಡುವ ಕೆಲಸ ಅಂತ ಅವನ ಕೈಗೆ ಎಟಕುವಷ್ಟು ದೂರದಲ್ಲಿ ಇದ್ದದ್ದು ಆ ಒಂದೇ ಕುರ್ಚಿ.

ಸಂಘದ ಗೋಡೆಗೆ ಅಂಟಿಸಿದ ನೋಟಿಸಿನ ಕೊನೆಯ ಸಾಲು ಹೀಗಿತ್ತು: ಅಂಕ ಸಮ ಬಂದಲ್ಲಿ ಅನುಭವ ಹೆಚ್ಚಿದ್ದವರಿಗೆ ಕೆಲಸ. ಅನುಭವ ಅಂದರೆ ಬೀರಣ್ಣ. ಸಿದ್ದಲಿಂಗ ಹುಟ್ಟಿದ ಮೇಲೆ ಎತ್ತಿದ ಅತಿ ಭಾರದ ವಸ್ತು ಅಂದರೆ ಅವನ ಫೋನು. ಅಂದಮೇಲೆ ಬೀರಣ್ಣನಿಗೂ ಕುರ್ಚಿಗೂ ನಡುವೆ ಇದ್ದದ್ದು ಒಂದೇ ಒಂದು ಅಂಕ. ಆ ಅಂಕ ಹೋದದ್ದು ಹನ್ನೆರಡನೆಯ ಪ್ರಶ್ನೆಯಲ್ಲಿ.

“ಕೂಡುವ ಲೆಕ್ಕಕ್ಕೆ ಸಂಕಲನ ಎನ್ನುವರು. ಕಳೆಯುವ ಲೆಕ್ಕಕ್ಕೆ ಏನೆನ್ನುವರು?”

ಬೀರಣ್ಣ ಬರೆದಿದ್ದ: ವಜಾಬಾಕಿ.

ಶ್ರೀಶೈಲ ಆ ಹಾಳೆಯನ್ನು ಗಾಳಿಗೆ ಹಿಡಿದು ಮೂವತ್ತೂ ಜನರಿಗೆ ತೋರಿಸಿದ. “ವ್ಯವಕಲನ ಅಂತ ಬರೀಬೇಕು. ಈ ಮಾರಾಯ ಏನೋ ಬೈಗುಳದಂಗ ಬರದಾನ. ಇಂಥಾ ಶಬ್ದ ಕನ್ನಡದಾಗ ಐತೇನ್ರಿ? ಫೋನಿನ್ಯಾಗ ಹಾಕಿ ಹುಡುಕೀನಿ, ನೌಕರಿಯಿಂದ ವಜಾ ಆದವರ ಸುದ್ದಿ ಬಂದ್ವು. ಇನ್ನೂ ನೌಕರಿ ಸಿಕ್ಕಿಲ್ಲ, ಆಗಲೇ ವಜಾ ಆಗ್ಯಾನ!”

ಮತ್ತೆ ನಗು.

ಬೀರಣ್ಣನ ಕಿವಿ ಕೆಂಪಾಯಿತು. ನಗು ಅವನಿಗೆ ಹೊಸದಲ್ಲ. ಆದರೆ ಆ ಶಬ್ದ ಅವನದಾಗಿರಲಿಲ್ಲ, ಅವನ ಅಪ್ಪನದು. ಅಪ್ಪ ಇದೇ ಅಂಗಳದಲ್ಲಿ ತೂಕದವನಾಗಿದ್ದ. ಆಗಿನ ಕಾಂಟಾಕ್ಕೆ ಸರಪಳಿ, ಕಲ್ಲು. ಬೀರಣ್ಣನನ್ನು ಮಗ್ಗುಲಿಗೆ ಕೂಡಿಸಿಕೊಂಡು, “ತುಂಬಿದ ಚೀಲ ಏರ್ತು. ಬರೇ ಚೀಲದ ತೂಕ ವಜಾ. ಉಳದ ತೊಗರಿ ಬಾಕಿ. ಇದ ನೋಡು ವಜಾಬಾಕಿ. ಇಷ್ಟ ಬಂತಂದ್ರ ಜೀವನದಾಗ ಯಾರೂ ನಿನಗ ಮೋಸ ಮಾಡೂದಿಲ್ಲ” ಎನ್ನುತ್ತಿದ್ದ. ಬೀರಣ್ಣ ಆರನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಹುಡುಗ ಪಾಟಿ ಕೆಳಗಿಟ್ಟು ಕಸಬರಿಗೆ ಹಿಡಿದು ಚೆಲ್ಲಿದ ಕಾಳು ಗುಡಿಸಲು ನಿಂತ, ಮೀಸೆ ಚಿಗುರುವ ಹೊತ್ತಿಗೆ ಚೀಲಕ್ಕೆ ಹೆಗಲು ಕೊಟ್ಟ. ಅಪ್ಪ ಹೊಲ ಬಿಟ್ಟುಹೋಗಲಿಲ್ಲ, ಮನೆ ಬಿಟ್ಟುಹೋಗಲಿಲ್ಲ. ಬಿಟ್ಟುಹೋದದ್ದು ಆ ಒಂದು ಶಬ್ದ. ಅದರ ಮೇಲೂ ಇವತ್ತು ಕೆಂಪು ಗೆರೆ ಬಿದ್ದಿತ್ತು.

ದಿನಕ್ಕೆ ಇನ್ನೂರು ಸಲ ಚೀಲ ಕಾಂಟಾಕ್ಕೆ ಏರಿಸಿ, ಬರೇ ಚೀಲದ ತೂಕ ಮನಸ್ಸಿನಲ್ಲೇ ಕಳೆದವನಿಗೆ ಕಳೆಯುವುದರ ಹೆಸರು ಗೊತ್ತಿಲ್ಲವೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವನ ಕುರ್ಚಿಗೆ ಗಾಲಿಗಳಿದ್ದವು.

“ಸಾಹೇಬ್ರ,” ಎಂದ ಬೀರಣ್ಣ, “ಅದು ಶಬ್ದ ಐತ್ರಿ. ನಮ್ಮಪ್ಪ ಅಂತಿದ್ದ.”

“ನಿಮ್ಮಪ್ಪ ಏನ್ ಡಿಗ್ರಿ ಮಾಡಿದ್ದನೋ?”

“ತೂಕ ಮಾಡ್ತಿದ್ದರಿ.”

ಈ ಸಲ ನೆರಳಿನ ಕಟ್ಟೆಯ ಮೇಲೆ ಕೂತವರು ಕೂಡ ಎದ್ದು ನಿಂತು ನಕ್ಕರು. ಶ್ರೀಶೈಲನಿಗೆ ಸಂತೋಷವಾಗಿ ಉದಾರತನ ಬಂತು. “ಆತಪಾ. ಡಿಗ್ರಿ ಆದವರು ಯಾರರೇ, ‘ಇದು ಕನ್ನಡದಾಗ ನಡಿಯೂ ಶಬ್ದ’ ಅಂತ ಬರದು ಸಹಿ ಹಾಕಿ ಕೊಡ್ಲಿ. ಒಂದ ಮಾರ್ಕ ಕೊಡ್ತೇನಿ. ಸಂಜಿ ಐದಕ್ಕ ಹೆಸರು ಬರದು ಅಧ್ಯಕ್ಷರ ಮನಿಗೆ ಕಳಸ್ತೇನಿ. ಐದು ಅಂದ್ರ ಐದು.”

ಆಗ ಹತ್ತೂವರೆ. ಸಿಂದಗಿಯ ಬಸ್ಸು ಹೋಗಿ ಕಾಲು ತಾಸಾಗಿತ್ತು, ಮುಂದಿನದು ಒಂದೂವರೆಗೆ. ಬೀರಣ್ಣ ರಸ್ತೆಯ ಕಡೆ ನೋಡುತ್ತಿರುವಾಗ ಬೆನ್ನಿನ ಮೇಲೆ ಕೈ ಬಿತ್ತು.

“ಗಾಡಿ ಹತ್ತು,” ಎಂದ ಸಿದ್ದಲಿಂಗ, ತನ್ನ ಬೈಕಿನ ಸೀಟು ತೋರಿಸಿ.

“ಎಲ್ಲಿಗ್ರಿ?”

“ಸಿಂದಗಿಗಿ. ನನಗ ಅನ್ಯಾಯದ ಕುರ್ಚಿ ಬ್ಯಾಡೋ ದೋಸ್ತ. ನಿನ್ನ ಶಬ್ದ ಖರೇ ಇದ್ರ ನಿನಗ ಮಾರ್ಕ ಸಿಗಬೇಕು. ನಾನ ಕರಕೊಂಡ ಹೋಗ್ತೇನಿ.”

ಅಂಗಳದ ಜನ ಈಗ ನಗು ಬಿಟ್ಟು ಬೆರಗಾದರು. “ದೊಡ್ಡ ಮನಿತನ ಅಂದ್ರ ಇದು ನೋಡ್ರಿ! ಎದುರಾಳಿನ ಗಾಡಿ ಮ್ಯಾಲ ಕೂಡಿಸಿಕೊಂಡ ಹೊಂಟಾನ!” ಎಂದು ಒಬ್ಬ ಮುದುಕ ಕಣ್ಣೊರೆಸಿಕೊಂಡ. ಬೀರಣ್ಣನೂ ಸಿದ್ದಲಿಂಗನ ಬಗ್ಗೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಏಳೆಂಟು ಬೈಗುಳಗಳನ್ನು ವಾಪಸ್ ತೆಗೆದುಕೊಂಡ.

ದಾರಿ ಮಾತ್ರ ಏನನ್ನೂ ವಾಪಸ್ ತೆಗೆದುಕೊಳ್ಳಲಿಲ್ಲ. ಪ್ರತಿ ತೆಗ್ಗಿಗೂ ಬೀರಣ್ಣನ ಸೊಂಟ ಒಂದೊಂದು ದೇವರ ಹೆಸರು ಹೇಳಿತು. ಸಿಂದಗಿ ಮುಟ್ಟುವ ಹೊತ್ತಿಗೆ ದೇವರುಗಳು ಮುಗಿದು ಅವನು ಸತ್ತ ಸಂಬಂಧಿಕರಿಗೆ ಬಂದಿದ್ದ.

ಮುಟ್ಟಿದ ಮೇಲೆ ಸಿದ್ದಲಿಂಗನಿಗೆ ಚಹಾ ಬೇಕಾಯಿತು. ಚಹಾ ಆದಮೇಲೆ ಕ್ಷೌರ. ಕ್ಷೌರ ಆದಮೇಲೆ ಬಟ್ಟೆ ಅಂಗಡಿ. ಅಲ್ಲಿ ತಿಳಿನೀಲಿ ಅಂಗಿಯೊಂದನ್ನು ಬೀರಣ್ಣನ ಎದೆಗೆ ಹಿಡಿದು, ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದ.

“ಕುರ್ಚಿ ಮ್ಯಾಲ ಕೂಡಾವರಿಗೆ ಇದು ಒಪ್ತೈತಲ್ಲ?”

“ಒಪ್ತೈತ್ರಿ,” ಎಂದ ಬೀರಣ್ಣ. ತನಗೇ ಕೊಡಿಸುತ್ತಾನೋ ಏನೋ ಎಂದು ನಾಚಿಕೆಯಾಗಿ, “ಅಷ್ಟೆಲ್ಲಾ ಯಾಕ್ರಿ ಸಿದ್ದಲಿಂಗಣ್ಣ” ಅಂತಲೂ ಅಂದ. ಸಿದ್ದಲಿಂಗ ಅಂಗಿ ಕಟ್ಟಿಸಿ ಪೊಟ್ಟಣವನ್ನು ಅವನ ಕೈಗೆ ಕೊಟ್ಟು, “ಧೂಳ ಹತ್ತದಂಗ ಹಿಡ್ಕೊ” ಎಂದ. ಕೊಟ್ಟದ್ದೋ ಹಿಡಿದುಕೊಳ್ಳಲು ಹೇಳಿದ್ದೋ ಎಂಬುದು ಸ್ಪಷ್ಟವಾಗಲಿಲ್ಲ. ಬೀರಣ್ಣ ಕೇಳಲಿಲ್ಲ.

ಹನ್ನೆರಡೂವರೆಗೆ ಅವರು ಜಯತೀರ್ಥ ಮಾಸ್ತರರ ಮನೆಗೆ ಹೋದರು. ನಿವೃತ್ತರಾಗಿ ಇಪ್ಪತ್ತು ವರ್ಷವಾಗಿದ್ದರೂ ಮಾಸ್ತರರು ಮನೆಗೆ ಬಂದವರನ್ನೆಲ್ಲ ನಿಲ್ಲಿಸಿಯೇ ಮಾತಾಡಿಸುತ್ತಿದ್ದರು. ಬೀರಣ್ಣನ ಮಾತು ಕೇಳಿ ಅವರ ಮುಖ ಹಳೇ ಫೋಟೋಕ್ಕೆ ಹೂವು ಏರಿಸಿದ ಹಾಗೆ ಅರಳಿತು.

“ವಜಾಬಾಕಿ! ಆಹಾ! ಈ ಶಬ್ದ ಕೇಳಿ ನಲವತ್ತು ವರ್ಷ ಆತು ನೋಡು. ಬೇರೀಜು, ವಜಾಬಾಕಿ, ಗುಣಾಕಾರ, ಭಾಗಾಕಾರ! ನಾವೆಲ್ಲಾ ಹಂಗ ಕಲ್ತದ್ದು. ಈಗಿನವರಿಗೆ ಏನು ಗೊತ್ತದ, ಮಣ್ಣು!”

“ಹಂಗಾರ ಬರದು ಕೊಡ್ರಿ ಮಾಸ್ತರ್ರ, ಇದು ಕನ್ನಡದ್ದು ಅಂತ.”

ಮಾಸ್ತರರು ಪೆನ್ನು ಎತ್ತಿದ್ದವರು ಕೆಳಗಿಟ್ಟರು. “ಕನ್ನಡದ್ದು? ಯಾರು ಹೇಳಿದ್ರು? ಅದು ಅಪ್ಪಟ ಮರಾಠಿ. ನಮ್ಮ ಅಜ್ಜ ಪುಣೇದಾಗ ಕಲ್ತು ಬಂದಿದ್ದರು. ನಾನು ಸುಳ್ಳು ಬರಿಯೂದಿಲ್ಲ.” ಎಂದವರೇ ಬೀರಣ್ಣ ಬೇಡ ಬೇಡ ಎನ್ನುತ್ತಿದ್ದರೂ ಒಂದು ಹಾಳೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ವಜಾಬಾಕಿ ಎಂಬುದು ವ್ಯವಕಲನಕ್ಕೆ ಇರುವ ಮರಾಠಿ ಶಬ್ದವಾಗಿದ್ದು, ನಮ್ಮ ಭಾಗದ ಶಾಲೆಗಳಲ್ಲಿ ಬಳಕೆಯಲ್ಲಿ ಇತ್ತು.’

“ಇದನ್ನ ತೋರಿಸಿದ್ರ ಇದ್ದ ಹದಿನಾರನೂ ಕಳ್ಕೋತೇನ್ರಿ,” ಎಂದ ಬೀರಣ್ಣ.

“ಸತ್ಯಕ್ಕ ಮಾರ್ಕ ಕಮ್ಮೀನ ಇರ್ತಾವಪಾ,” ಎಂದರು ಮಾಸ್ತರರು. ಚಪ್ಪಲಿ ಮೆಟ್ಟಿಕೊಂಡು, “ನೀವು ಬಜಾರದ ಕಡೆ ಹೊಂಟೀರೇನು? ಮೋದಿನಸಾಬನ ಹಂತ್ಯಾಕ ನನ್ನ ಜುಬ್ಬಾ ಅದ. ನಾನೂ ಬರ್ತೀನಿ” ಎಂದರು.

ಸಿದ್ದಲಿಂಗನಿಗೂ ದರ್ಜಿ ಮೋದಿನಸಾಬನ ಹತ್ತಿರ ಕೆಲಸವಿತ್ತು. ಪ್ಯಾಂಟಿನ ಕಾಲು ಮಡಚಿ ಹೊಲಿಸಬೇಕಿತ್ತು. ಹೀಗೆ ಒಂದು ಗಾಡಿಯ ಮೇಲೆ ಮೂವರಾದರು. ನಡುವೆ ಮಾಸ್ತರರು, ಹಿಂದೆ, ಸೀಟಿನ ಮೇಲೆ ಅರ್ಧ ಲೋಕದ ಮೇಲೆ ಅರ್ಧ, ಅಂಗಿಯ ಪೊಟ್ಟಣ ಹಿಡಿದ ಬೀರಣ್ಣ.

ಮೋದಿನಸಾಬ ಅಂಗಡಿಯಲ್ಲಿ ಕತ್ತರಿ ಹಿಡಿದು ಕೂತಿದ್ದ. ಉರ್ದು ಓದಿಕೊಂಡವನು, ಅರಬ್ಬಿ ಬಲ್ಲವನು, ಒಂದು ತಾಸಿನ ಹೊಲಿಗೆಗೆ ಎರಡು ತಾಸು ಮಾತಾಡುವವನು. ಮಾಸ್ತರರ ಹಾಳೆ ಓದಿ ಕನ್ನಡಕ ತೆಗೆದ.

“ಮಾಸ್ತರ್ರ, ಜುಬ್ಬಾ ನಿಮ್ಮದು, ಒಪ್ತೇನಿ. ಶಬ್ದ ನಿಮ್ಮದು ಅಂದ್ರ ಹೆಂಗ್ರಿ? ವಜಾ ಅರಬ್ಬಿ. ಬಾಕಿ ಅರಬ್ಬಿ. ಎರಡೂ ಕಾಲು ನಮ್ಮವು, ಪ್ಯಾಂಟ್ ಮರಾಠಿ ಹೆಂಗಾತು?”

“ಹೊಲದವರು ಯಾರೋ ಸಾಬಣ್ಣ? ಹೊಲದವರು ಮರಾಠಿಯವರು! ಎರಡು ಚೂರು ಕೂಡಿಸಿ ಹೊಲದವರದ ಬಟ್ಟಿ!”

“ಹಂಗಾರ ನಿಮ್ಮ ಜುಬ್ಬಾ ನಾ ಹೊಲದೇನಿ. ನಾನ ಹಾಕ್ಕೊಳ್ಳಲ್ಯಾ?”

ಮಾತಿಗೆ ಮಾತು ಹತ್ತಿತು. ಮೋದಿನಸಾಬ ಹಾಳೆ ಕಸಿದುಕೊಂಡು ‘ಮರಾಠಿ’ ಹೊಡೆದು ‘ಅರಬ್ಬಿ’ ಎಂದು ಬರೆದ. ಮಾಸ್ತರರು ‘ಅರಬ್ಬಿ’ ಹೊಡೆದು ಮತ್ತೆ ‘ಮರಾಠಿ’ ಎಂದರು. ಗುಂಡಿ ಹಚ್ಚಿಸಲು ಬಂದಿದ್ದ ಒಬ್ಬ ಗಡ್ಡದವನು, “ಕನ್ನಡ ನಾಡಿನ್ಯಾಗ ಕೂತು ಇದೇನ್ರಿ!” ಎಂದು ಎರಡನ್ನೂ ಹೊಡೆದ. ರಸ್ತೆಯ ಮೇಲಿನವರು ಕೂಡಿದರು. ಭಾಷೆ ಯಾವುದೆಂದು ಗೊತ್ತಿಲ್ಲದವರೂ ಒಂದೊಂದು ಭಾಷೆ ಹಿಡಿದು ನಿಂತು, ಪೆನ್ನು ಕಸಿದುಕೊಂಡು ಒಂದೊಂದು ಶಬ್ದ ಹೊಡೆದರು. ಬೀರಣ್ಣ ನಡುವೆ ಸಿಕ್ಕು, “ಯಾರದರೇ ಇರಲ್ರಿ! ನನಗ ಒಂದ ಸಹಿ ಬೇಕ್ರಿ! ಯಾರಪ್ಪನದರೇ ಇರಲ್ರಿ!” ಎಂದು ಕೂಗಿದ.

ಹಾಗೆ ಕೂಗಿದವನು ನಾಲಿಗೆ ಕಚ್ಚಿಕೊಂಡ. ಅದು ಅವನ ಅಪ್ಪನದೆಂದು ಹೇಳಲಿಕ್ಕೆ ಹದಿನಾಲ್ಕು ಕಿಲೋಮೀಟರ್ ಬಂದಿದ್ದ.

ಗದ್ದಲ ಇಳಿದಾಗ ಹಾಳೆಯ ಮೇಲೆ ಹೊಡೆಯದೆ ಉಳಿದದ್ದು ಎರಡು ಶಬ್ದ: ‘ಎಂಬುದು’ ಮತ್ತು ‘ಇತ್ತು’. ಸಿದ್ದಲಿಂಗ ಮಾತ್ರ ಒಳಗೆ ನಿಂತು, ಪ್ಯಾಂಟಿನ ಕಾಲು ಸರಿಯಾದದ್ದನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ. ಮೋದಿನಸಾಬ ಬೆವರೊರೆಸಿಕೊಂಡು ಬೀರಣ್ಣನ ಮುಖ ನೋಡಿದ. ಅವನಿಗೆ ಪಾಪವೆನಿಸಿತು.

“ತಮ್ಮಾ, ನಾನೂ ಮಾಸ್ತರ್ರೂ ಜಗಳಾಡಿ ನಿನ್ನ ಹೊತ್ತು ತಿಂದ್ವಿ. ನಮ್ಮಿಬ್ಬರ ಹಂತ್ಯಾಕೂ ಡಿಗ್ರಿ ಇಲ್ಲೋ ಮಾರಾಯ. ಕಾಲೇಜಿನ್ಯಾಗ ವಿದ್ಯಾವತಿ ಮೇಡಂ ಅಂತ ಅದಾರ, ಕನ್ನಡ ಕಲಸ್ತಾರ. ಅಲ್ಲಿಗಿ ಓಡು.”

ಆಗ ಮೂರು ಗಂಟೆ.

ಕಾಲೇಜಿನ ಗೇಟಿನಲ್ಲಿ ಕಾವಲುಗಾರ ತಡೆದ. ಗುರುತಿನ ಚೀಟಿ ಕೇಳಿದ. ಬೀರಣ್ಣನ ಹತ್ತಿರ ಇದ್ದ ಕಾಗದ ಅಂದರೆ ‘ಎಂಬುದು ಇತ್ತು’ ಒಂದೇ. ಸಿದ್ದಲಿಂಗ, “ನಾ ಹೊರಗ ಗಾಡಿ ಕಾಯ್ತೇನಿ, ನೀ ಕೈ ಮುಗದ ನೋಡು” ಎಂದ. ಬೀರಣ್ಣ ಕೈ ಮುಗಿದ. ಕಾವಲುಗಾರ ಕೈಯನ್ನು ನೋಡಿದ. ಗೋಣಿ ತಿಕ್ಕಿ ಗಂಟುಗಟ್ಟಿದ ಬೆರಳು. “ನೀ ಹಮಾಲಿ ಮಾಡ್ತಿಯೇನು? ನಮ್ಮಣ್ಣನೂ ಇದನ ಮಾಡ್ತಿದ್ದ. ಹೋಗು, ಬಲಕಿನ ಕೋಲಿ,” ಎಂದ. ಆ ದಿನ ಬೀರಣ್ಣನ ಓದನ್ನು ಬಿಟ್ಟು ಬೀರಣ್ಣನನ್ನು ಓದಿದವನು ಈ ಕಾವಲುಗಾರ ಒಬ್ಬನೇ.

ವಿದ್ಯಾವತಿ ಮೇಡಂ ಉತ್ತರಪತ್ರಿಕೆಗಳ ರಾಶಿಯ ಹಿಂದೆ ಕೂತಿದ್ದರು. ಬೀರಣ್ಣ ಬಾಗಿಲಲ್ಲೇ ನಿಂತು ಬೆಳಗಿನಿಂದ ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಅವರು ನಗಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಇಟ್ಟಂಗಿಯಷ್ಟು ದಪ್ಪದ ನಿಘಂಟು ತಂದು ತೆರೆದರು.

“ಕೂಡ್ರಿ.”

“ಬ್ಯಾಡ್ರಿ ಮೇಡಂ, ಕೂತ್ರ ಏಳಾಕ ಬರೂದಿಲ್ಲ.”

“ನೋಡ್ರಿ, ಬಾಕಿ ಅಂದ್ರ ಉಳದದ್ದು. ವಜಾ ಅನ್ನೂದು ಅರಬ್ಬಿಯೊಳಗಿಂದ ಬಂದೈತಿ. ಎರಡನ್ನೂ ಜೋಡಿಸಿ ಲೆಕ್ಕಕ್ಕ ಹಚ್ಚಿದವರು ಮರಾಠಿಯವರು. ನಮ್ಮ ಕಡೆ ಸಾಲಿಗೆ ಬಂದದ್ದು ಮುಂಬೈ ಸರಕಾರ ಇದ್ದಾಗ. ಅಂದ್ರ ಸಾಬಣ್ಣನೂ ಖರೆ, ಮಾಸ್ತರ್ರೂ ಖರೆ.”

“ಮತ್ತ ವ್ಯವಕಲನ ಅಂತಾರಲ್ರಿ, ಅದು?”

“ಅದು ಸಂಸ್ಕೃತದ್ದು. ಅದೂ ಹೊರಗಿಂದ ಬಂದದ್ದ. ಕಳೆಯೂದು ಅನ್ನೂದೊಂದ ಮೊದಲಿಂದ ನಮ್ಮದು.” ಅವರು ಪುಟದ ಮೇಲೆ ಬೆರಳಿಟ್ಟು ನಿಲ್ಲಿಸಿದರು. “ವಜಾದ ಮೂಲ ಅರ್ಥ ಏನ್ ಗೊತ್ತೇನ್ರಿ? ಕೆಳಗ ಇಡೂದು. ಕೈಯಾಗ ಇದ್ದದ್ದು, ಮ್ಯಾಲ ಇದ್ದದ್ದು ಕೆಳಗ ಇಡೂದು.”

ಹದಿಮೂರು ವರ್ಷದ ಚೀಲಗಳೆಲ್ಲ ಒಂದರ ಹಿಂದೊಂದು ಬೀರಣ್ಣನ ಹೆಗಲಿನಿಂದ ಇಳಿದು ಆ ಕೋಣೆಯ ನೆಲದ ಮೇಲೆ ಸಾಲಾಗಿ ಕೂತ ಹಾಗಾಯಿತು. ಅಪ್ಪ ಕಡೆಯ ವರ್ಷ ಕೆಮ್ಮುತ್ತ, ಕಾಂಟಾದ ಸರಪಳಿ ಹಿಡಿದು ನಿಲ್ಲುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅಪ್ಪನಿಗೆ ಈ ಅರ್ಥ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೆ ಹೇಳದೆ ಇರುತ್ತಿರಲಿಲ್ಲ.

“ಯಾಕ್ರಿ, ಸೊಂಟ ನೋಯ್ತೈತೇನು?”

“ಹೌದ್ರಿ ಮೇಡಂ. ಸೊಂಟನ,” ಎಂದು ಬೀರಣ್ಣ ಟವೆಲಿನಿಂದ ಕಣ್ಣು ಒರೆಸಿಕೊಂಡ.

ಮೇಡಂ ಕಾಲೇಜಿನ ಹಾಳೆಯ ಮೇಲೆ ಬರೆದರು: ‘ವಜಾಬಾಕಿ ಎಂಬ ಶಬ್ದವು ಕಳೆಯುವ ಲೆಕ್ಕ ಎಂಬ ಅರ್ಥದಲ್ಲಿ ಈ ಭಾಗದ ಕನ್ನಡದಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಎಲ್ಲಿಂದ ಬಂದರೂ ಇಲ್ಲಿ ಬದುಕಿದ ಶಬ್ದ ಇಲ್ಲಿಯದೇ.’ ಕೆಳಗೆ ಸಹಿ ಹಾಕಿ, ಎಂ.ಎ. ಎಂದು ಬರೆದು, ಎದ್ದು ಹೋಗಿ ಆಫೀಸಿನ ಶಿಕ್ಕಾ ಒತ್ತಿಸಿಕೊಂಡು ಬಂದರು. ನೇರಳೆ ಬಣ್ಣದ ಶಿಕ್ಕಾ, ದುಂಡಗೆ. ಬೀರಣ್ಣನ ಜೀವನದಲ್ಲಿ ಅವನ ಪರವಾಗಿ ಬಿದ್ದ ಮೊದಲ ಶಿಕ್ಕಾ ಅದು.

ವಾಪಸ್ ಬರುವಾಗ ಅವನು ಆ ಹಾಳೆಯನ್ನು ಅಂಗಿಯ ಪೊಟ್ಟಣದೊಳಗೆ ಇಟ್ಟು, ಪೊಟ್ಟಣವನ್ನು ಎದೆಗವಚಿಕೊಂಡು ಕೂತ. ತೆಗ್ಗುಗಳು ಅವೇ ಇದ್ದವು, ಆದರೆ ಈ ಸಲ ಯಾವ ದೇವರನ್ನೂ ಕರೆಯಲಿಲ್ಲ. ಅವನಿಗೆ ಬೇರೆ ನೋವು ಶುರುವಾಗಿತ್ತು. ಇಡೀ ದಿನ ಗಾಡಿ ಹೊಡೆದು, ತನ್ನ ಕುರ್ಚಿಯನ್ನು ತಾನೇ ತೆಗೆದು ಇನ್ನೊಬ್ಬನಿಗೆ ಕೊಡುವ ಮನುಷ್ಯ! ಇಂಥವನ ಅನ್ನಕ್ಕೆ ಕೈ ಹಾಕುತ್ತಿದ್ದೇನಲ್ಲ.

“ಸಿದ್ದಲಿಂಗಣ್ಣ,” ಎಂದ ಗಾಳಿಯಲ್ಲಿ ಕೂಗಿ, “ನನಗ ಸಿಟ್ಟ ಮಾಡ್ಕೋಬ್ಯಾಡ್ರಿ!”

“ಯಾಕ ಮಾಡ್ಕೊಳ್ಳಿ?”

“ನನ್ನ ಸೊಂಟದ ಸಲುವಾಗಿ ಕೇಳಾಕತ್ತೇನ್ರಿ. ಇಲ್ಲಾಂದ್ರ ನಿಮಗ ಬಿಟ್ಟ ಕೊಡ್ತಿದ್ದೆ.”

“ಏ ಹುಚ್ಚ! ನಿನಗ ಒಂದ ಮಾರ್ಕ ಬಂದ್ರ ನಿನಗಿಂತ ನನಗ ಸಂತೋಷ!” ಎಂದ ಸಿದ್ದಲಿಂಗ. ದನಿಯಲ್ಲಿ ಒಂದಿಷ್ಟೂ ಕಲ್ಮಶವಿರಲಿಲ್ಲ. ಬೀರಣ್ಣನಿಗೆ ಮತ್ತೆ ಅಳು ಬಂತು. ಸೊಂಟದ ನೆವ ಈ ಸಲವೂ ಇತ್ತು.

ಐದಕ್ಕೆ ಹತ್ತು ನಿಮಿಷ ಇದ್ದಾಗ ಅವರು ಗೋದಾಮಿನ ಅಂಗಳಕ್ಕೆ ಬಂದರು. ಬೆಳಗಿನ ಮೂವತ್ತು ಜನ ಈಗ ಐವತ್ತಾಗಿದ್ದರು. ಹಮಾಲ ಶಬ್ದ ತರಲು ಸಿಂದಗಿ ಪೇಟೆಗೆ ಹೋಗಿದ್ದಾನೆ ಎಂಬ ಸುದ್ದಿ ಕೇಳಿ ಪಕ್ಕದ ಊರಿನವರೂ ಬಂದಿದ್ದರು. ಬೀರಣ್ಣ ಪೊಟ್ಟಣ ಸಿದ್ದಲಿಂಗನಿಗೆ ಒಪ್ಪಿಸಿ, ಹಾಳೆಯನ್ನು ಎರಡೂ ಕೈಯಲ್ಲಿ ಶ್ರೀಶೈಲನ ಮೇಜಿನ ಮೇಲೆ ಇಟ್ಟ.

ಶ್ರೀಶೈಲ ಓದಿದ. ಶಿಕ್ಕಾದ ಮೇಲೆ ಬೆರಳು ತಿಕ್ಕಿ ನೋಡಿದ, ಬಣ್ಣ ಹೋಗಲಿಲ್ಲ. ಮತ್ತೊಮ್ಮೆ ಓದಿದ.

“ಖರೇನ ಐತಿ ಬಿಡಪಾ,” ಎಂದ. “ನಾ ಸೋತೆ. ಮಾತು ಅಂದ್ರ ಮಾತು.” ಕೆಂಪು ಪೆನ್ನಿನಿಂದ ಹನ್ನೆರಡನೆಯ ಉತ್ತರದ ಮೇಲಿದ್ದ ಗೆರೆಯ ಪಕ್ಕ ಸರಿ ಗುರುತು ಹಾಕಿದ. ಹದಿನಾರು ಹೊಡೆದು ಹದಿನೇಳು ಬರೆದ.

ಹಮಾಲರು ಚಪ್ಪಾಳೆ ತಟ್ಟಿದರು. ಒಬ್ಬ ಶಿಳ್ಳೆ ಹಾಕಿದ. ಬೆಳಿಗ್ಗೆ ಎದ್ದು ನಿಂತು ನಕ್ಕವನೇ ಈಗ ಎದ್ದು ನಿಂತು, “ನಾ ಆಗಲೇ ಅಂದಿದ್ದೆ, ಈ ಹುಡುಗನ ತಲಿಯೊಳಗ ಏನೋ ಐತಿ ಅಂತ!” ಎಂದ. ಬೀರಣ್ಣ ಕಾಂಟಾದ ಮುಂದಿನ ಖಾಲಿ ಕುರ್ಚಿಯನ್ನು ನೋಡಿದ. ಪ್ಲಾಸ್ಟಿಕ್ ಕುರ್ಚಿ. ಒಂದು ಕೈ ಸೀಳಿತ್ತು. ತಂತಿ ಹಾಕಿ ಬಿಗಿದರೆ ಐದಾರು ವರ್ಷ ಬಾಳುತ್ತದೆ ಎಂದುಕೊಂಡ.

“ಸಮ ಆತಲ್ರಿ ಸಾಹೇಬ್ರ,” ಎಂದ. “ಅನುಭವ ನಂದು ಹೆಚ್ಚೈತ್ರಿ.”

“ತಡಿ, ತಡಿ.” ಶ್ರೀಶೈಲ ಮೇಜಿನ ಖಾನೆಯಿಂದ ಇನ್ನೊಂದು ಉತ್ತರಪತ್ರಿಕೆ ತೆಗೆದ. “ನಿಯಮ ಅಂದಮ್ಯಾಲ ಎಲ್ಲಾರಿಗೂ ಒಂದ ಇರಬೇಕಲ್ಲೋ. ಆ ಶಬ್ದ ಖರೆ ಅಂದ್ರ, ಆ ಶಬ್ದ ಬರದವರಿಗೆಲ್ಲಾ ಮಾರ್ಕ ಕೊಡಬೇಕು. ಕೊಡಬೇಕೋ ಬ್ಯಾಡೋ?”

“ಕೊಡಬೇಕ್ರಿ,” ಎಂದ ಬೀರಣ್ಣ, ತಿಳಿಯದೆ.

ಶ್ರೀಶೈಲ ಹಾಳೆ ತಿರುಗಿಸಿ ತೋರಿಸಿದ. ಸಿದ್ದಲಿಂಗನ ದುಂಡಕ್ಷರ. ಹನ್ನೆರಡನೆಯ ಉತ್ತರ: ವಜಾಬಾಕಿ. ಅದರ ಮೇಲೂ ಬೀರಣ್ಣನ ಹಾಳೆಯ ಮೇಲಿದ್ದಂಥದೇ ಕೆಂಪು ಗೆರೆ. ಆ ಗೆರೆ ಬೆಳಿಗ್ಗೆಯೂ ಅಲ್ಲೇ ಇತ್ತು. ಗಾಳಿಗೆ ಹಿಡಿದು ತೋರಿಸಿದ್ದು ಮಾತ್ರ ಒಬ್ಬನ ಹಾಳೆ.

ಬೀರಣ್ಣನಿಗೆ ಪರೀಕ್ಷೆಯ ದಿನ ನೆನಪಾಯಿತು. ಬೆನ್ನ ಹಿಂದಿನಿಂದ, “ಏ ದೋಸ್ತ, ಹನ್ನೆರಡನೇದು ಏನೋ?” ಎಂಬ ಪಿಸುಮಾತು. ಪಾಪ ಎಂದು, ತೋಳು ಸರಿಸಿ, ಹಾಳೆಯನ್ನು ಒಂದಿಷ್ಟು ಓರೆ ಮಾಡಿದವನು ತಾನೇ.

ಶ್ರೀಶೈಲ ಹದಿನೇಳು ಹೊಡೆದು ಹದಿನೆಂಟು ಬರೆದ.

ಲೆಕ್ಕ ತಿಳಿದವರು ನಕ್ಕರು. ತಿಳಿಯದವರು ಅವರ ಮುಖ ನೋಡತೊಡಗಿದರು.

ಬೀರಣ್ಣ ಸಿದ್ದಲಿಂಗನ ಕಡೆ ತಿರುಗಿದ. ಸಿದ್ದಲಿಂಗನ ಮುಖದಲ್ಲಿ ಅದೇ ಕಲ್ಮಶವಿಲ್ಲದ ಪ್ರೀತಿ. “ನಾ ಹೇಳಿದ್ನಿಲ್ಲೋ ನಿನಗ ಒಂದ ಮಾರ್ಕ ಸಿಗ್ತೈತಿ ಅಂತ? ಸಿಕ್ತಿಲ್ಲ? ನೀ ಸುಮ್ಮನ ವಿಜಯಪುರಕ್ಕ ತಕರಾರು ಅರ್ಜಿ ಗಿರ್ಜಿ ಅಂತ ಅಡ್ಡಾಡಬಾರದು, ನಿನ್ನ ಮನಸಿನ್ಯಾಗ ಏನೂ ಉಳೀಬಾರದು ಅಂತ ನಾನ ಕರಕೊಂಡ ಹೋದೆ,” ಎಂದು ಬೆನ್ನು ತಟ್ಟಿದ. ಸೊಂಟದ ಸರಿಯಾಗಿ ನೋಯುವ ಜಾಗಕ್ಕೆ ಕೈ ಬಿತ್ತು.

ಗೇಟಿನಲ್ಲಿ ಆಗಷ್ಟೇ ತೊಗರಿಯ ಲಾರಿಯೊಂದು ಬಂದು ಹಿಂದೆ ಮುಂದೆ ಆಗಿ ನಿಂತಿತು. ಕಟ್ಟೆಯಿಂದ ಹಮಾಲರು ಒಬ್ಬೊಬ್ಬರಾಗಿ ಏಳತೊಡಗಿದರು.

ಶ್ರೀಶೈಲ ಗಾಲಿ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, ಐವತ್ತು ಜನರಿಗೂ ಕೇಳುವ ಹಾಗೆ ಅಂದ: “ಏ ಬೀರಣ್ಣ, ಹೋಗಾಕಿಂತ ಮೊದಲ ಇದೊಂದ ಹೇಳು. ಮೊದಲ ಹದಿನೇಳು, ಹದಿನಾರು. ಎರಡೂ ಕಡೆ ಒಂದೊಂದ ಕೂಡಿಸಿದ್ವಿ. ಈಗ ನಿಮ್ಮಿಬ್ಬರ ನಡುವ ಎಷ್ಟ ಉಳೀತು? ವಜಾಬಾಕಿ ಬಲ್ಲಾಂವ ನೀನ ಅಲ್ಲೇನು? ಹೇಳಪಾ.”

ಬೀರಣ್ಣನಿಗೆ ಉತ್ತರ ಗೊತ್ತಿತ್ತು. ಅವನು ಹೆಗಲಿನ ಟವೆಲ್ ತೆಗೆದು ಸೊಂಟಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಿಕೊಂಡ. ಲಾರಿಯ ಕಡೆ ನಡೆದ.